ಇಲ್ಲದ ಬಾಡಿಗೆದಾರನ ಬಾಡಿಗೆ

ಹೈದರಾಬಾದಿನ ಮಣಿಕೊಂಡದಲ್ಲಿ ಮರ್ರಿಚೆಟ್ಟು ಜಂಕ್ಷನ್ನಿನ ಸುತ್ತಮುತ್ತ ಒಂದು ನಮೂನೆಯ ಕಟ್ಟಡ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಕೆಳಗೆ ಮೂರು ಶಟರ್. ಒಂದರಲ್ಲಿ ಮೆಡಿಕಲ್ ಶಾಪು, ಇನ್ನೊಂದರಲ್ಲಿ ಟಿಫಿನ್ ಸೆಂಟರು, ಮತ್ತೊಂದರಲ್ಲಿ ಮೊಬೈಲ್ ರಿಪೇರಿ. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಇಲ್ಲವೇ ಜಿಮ್ಮು. ಅದರ ಮೇಲೆ ಎರಡು ಮಹಡಿ ಪಿಜಿ. ಬಾಲ್ಕನಿಯ ತುಂಬ ಒಣಗಲು ಹಾಕಿದ ಜೀನ್ಸು, ಟವೆಲು. ಅದಕ್ಕೂ ಮೇಲೆ ಓನರ್ ಮನೆ, ತುಳಸಿಕಟ್ಟೆ ಸಮೇತ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಮೊಬೈಲ್ ಟವರು.

ಪಾಯ ಒಂದೇ, ಬೋರ್‌ವೆಲ್ ಒಂದೇ, ಲಿಫ್ಟೂ ಒಂದೇ. ಆಸ್ತಿ ತೆರಿಗೆಯ ಕಣ್ಣಿಗೆ ಮಾತ್ರ ಇವು ಐದಾರು ಬೇರೆಬೇರೆ ಜೀವಿಗಳು. ಓನರ್ ಇರುವ ಮಹಡಿಗೆ ಚದರ ಅಡಿಗೆ ಒಂದು ದರವಾದರೆ, ಅದರ ನೇರ ಕೆಳಗೆ ಇಡ್ಲಿ ಬೇಯುವ ಅಷ್ಟೇ ಅಗಲದ ಜಾಗಕ್ಕೆ ಅದರ ಹಲವು ಪಟ್ಟು. ಸಾಫ್ಟ್‌ವೇರ್ ಕೆಲಸಕ್ಕೆಂದು ಬೆಂಗಳೂರಿನಿಂದಲೋ ರಾಯಚೂರಿನಿಂದಲೋ ಇಲ್ಲಿಗೆ ಬಂದು, ಉಳಿಸಿದ ದುಡ್ಡಿನಲ್ಲಿ ಪಕ್ಕದಲ್ಲೊಂದು ಅಂಗಡಿಯನ್ನೂ ಇಟ್ಟುಕೊಂಡ ಕನ್ನಡಿಗರಿಗೆ ಮೊದಲು ತಲೆ ತಿರುಗುವುದು ಈ ಬಿಲ್ಲಿನ ಮುಂದೆಯೇ. ಅವರ ಪ್ರಶ್ನೆ ಸರಳ: ವ್ಯಾಪಾರ ಕುದುರಿದರೂ ಕುದುರದಿದ್ದರೂ ಒಂದೇ ಮೊತ್ತ ಬರುತ್ತದಲ್ಲ, ಈ ಅಂಕಿಯನ್ನು ಯಾರು, ಎಲ್ಲಿ ಕೂತು ಬರೆದರು?

ಉತ್ತರದ ಮೊದಲ ಭಾಗ ಸ್ವಲ್ಪ ವಿಚಿತ್ರವಾಗಿದೆ. ತೆರಿಗೆ ಬೀಳುವುದು ನಿಮ್ಮ ವ್ಯಾಪಾರದ ಮೇಲೆ ಅಲ್ಲ, ಲಾಭದ ಮೇಲೆ ಅಲ್ಲ, ನೀವು ನಿಜವಾಗಿ ಕೊಡುವ ಬಾಡಿಗೆಯ ಮೇಲೂ ಅಲ್ಲ. ಆ ಜಾಗ ಖಾಲಿ ಇದ್ದು, ವರ್ಷದಿಂದ ವರ್ಷಕ್ಕೆ ಕೊಡಲು ಹೊರಟರೆ, ಸಮಾಧಾನಚಿತ್ತದ ಒಬ್ಬ ಬಾಡಿಗೆದಾರ ನ್ಯಾಯವಾಗಿ ಎಷ್ಟು ಕೊಡಬಹುದು ಎಂಬ ಊಹೆಯ ಮೇಲೆ. ಆ ಬಾಡಿಗೆದಾರ ಎಲ್ಲೂ ಇಲ್ಲ. ಅವನಿಗೆ ಅಡ್ವಾನ್ಸ್ ಕೊಡುವ ತಾಪತ್ರಯವಿಲ್ಲ, ಓನರ್ ಜೊತೆ ಜಗಳವಿಲ್ಲ, ಅಳಿಯನೆಂಬ ಕಾರಣಕ್ಕೆ ಕಡಿಮೆ ಬಾಡಿಗೆಯ ರಿಯಾಯಿತಿಯೂ ಇಲ್ಲ. ಕಾನೂನು ಹುಟ್ಟಿಸಿದ ಈ ಮನುಷ್ಯ ಭಾರತದ ನಗರಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ಓಡಾಡಿಕೊಂಡಿದ್ದಾನೆ.

ಅವನ ಮೂಲ ಇಂಗ್ಲೆಂಡಿನದು. 1601ರಲ್ಲಿ ಅಲ್ಲಿ ಬಡವರ ಪೋಷಣೆಗೆಂದು ಪ್ಯಾರಿಷ್‌ಗಳು ಮನೆ, ಜಮೀನು ಅನುಭವಿಸುವವರಿಂದ ವಂತಿಗೆ ಎತ್ತುವ ಕಾಯ್ದೆ ಬಂತು. ಯಾರ ಹತ್ತಿರ ಎಷ್ಟಿದೆ ಎಂದು ತಿಜೋರಿ ತೆಗೆದು ನೋಡಲಾಗದ ಕಾಲ. ಕಣ್ಣಿಗೆ ಕಾಣುವ ಕಟ್ಟಡ, ಅದಕ್ಕೆ ಬರಬಹುದಾದ ಬಾಡಿಗೆ ಇವೇ ಅಳತೆಗೋಲಾದವು. ಅದೇ ತರ್ಕ 1888ರ ಮುಂಬಯಿ ಮುನಿಸಿಪಲ್ ಕಾಯ್ದೆಗೆ ಬಂತು, ಅಲ್ಲಿಂದ ಹೈದರಾಬಾದ್ ಮುನಿಸಿಪಲ್ ಕಾರ್ಪೊರೇಷನ್ಸ್ ಕಾಯ್ದೆ, 1955ಕ್ಕೆ ಇಳಿಯಿತು. ಆ ಕಾಯ್ದೆ ಮಾಡಿದ ಹೈದರಾಬಾದ್ ರಾಜ್ಯದಲ್ಲಿ ಆಗ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಇದ್ದವು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಹೈದರಾಬಾದಿನ ಅಂಗಡಿಗಳು ಮಾತ್ರ ಇಂದಿಗೂ ಅದೇ ಕಾಯ್ದೆಯ ಬಾಡಿಗೆದಾರನನ್ನು ಎದುರು ನೋಡುತ್ತಿವೆ.

ಈಗ ಊಹೆಯ ಬಾಡಿಗೆಯನ್ನು ಹಿಡಿಯುವ ಬಗೆಗೆ ಬರೋಣ. ಪ್ರತಿ ಅಂಗಡಿಗೂ ಹೋಗಿ ಪಂಚಾಯ್ತಿ ಮಾಡುವುದು ಯಾವ ಊರಿಗೂ ಸಾಧ್ಯವಿಲ್ಲ. ಹಾಗಾಗಿ ಊರನ್ನು ವಲಯಗಳಾಗಿ ಒಡೆಯುತ್ತಾರೆ. ಆಗಿನ ಅವಿಭಜಿತ ಆಂಧ್ರದ ಪುರಸಭೆಗಳಿಗೆ 1990ರಲ್ಲಿ ಬಂದ ತೆರಿಗೆ ನಿರ್ಧಾರ ನಿಯಮಗಳು ವಲಯ ಒಡೆಯಲು ಏನೇನು ನೋಡಬೇಕು ಎಂದು ಹೇಳುತ್ತವೆ: ನೀರಿನ ಪೂರೈಕೆ, ಬೀದಿ ದೀಪ, ರಸ್ತೆ–ಚರಂಡಿ, ಮಾರುಕಟ್ಟೆ, ಶಾಲೆ, ಬ್ಯಾಂಕು, ಅಂಚೆ ಕಚೇರಿ, ಆಸ್ಪತ್ರೆ, ಕಾರ್ಖಾನೆ. ಆಮೇಲೆ ಕಟ್ಟಡದ ಜಾತಿ: ಆರ್‌ಸಿಸಿಯೋ, ಮದ್ರಾಸ್ ತಾರಸಿಯೋ, ಕಲ್ಲುಚಪ್ಪಡಿಯೋ, ಮಂಗಳೂರು ಹೆಂಚೋ, ಶೀಟೋ, ಗುಡಿಸಲೋ. (ಮಂಗಳೂರಿನ ಹೆಂಚು ತೆಲುಗು ನಾಡಿನ ತೆರಿಗೆ ನಿಯಮದಲ್ಲಿ ಒಂದು ಪ್ರತ್ಯೇಕ ವರ್ಗವಾಗಿ ಕೂತಿರುವುದು ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆಗಳಿಗೆ ಸಂದ ಗೌರವವೆಂದೇ ನಾನು ತಿಳಿಯುತ್ತೇನೆ.) ಮೂರನೆಯದು ಬಳಕೆ: ವಾಸ, ಅಂಗಡಿ, ಕಚೇರಿ–ಆಸ್ಪತ್ರೆ, ಹೋಟೆಲು–ಲಾಡ್ಜು–ಗೋದಾಮು, ಕೈಗಾರಿಕೆ, ಸಿನಿಮಾ ಥಿಯೇಟರು. ನಾಲ್ಕನೆಯದು ವಯಸ್ಸು. 25 ವರ್ಷದೊಳಗಿನ ಕಟ್ಟಡಕ್ಕೆ 10%, 25ರಿಂದ 40 ವರ್ಷದ್ದಕ್ಕೆ 20%, ಅದಕ್ಕೂ ಹಳೆಯದಕ್ಕೆ 30% ಕಡಿತ. ಓನರ್ ತಾನೇ ವಾಸವಿದ್ದರೆ 40% ರಿಯಾಯಿತಿ. ಅಂಗಡಿಯಲ್ಲಿ ಓನರ್ ತಾನೇ ಕೂತರೂ ಆ ರಿಯಾಯಿತಿ ಇಲ್ಲ. ಒಂದೇ ಕುಟುಂಬದ ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ನಡುವೆ ಮೊದಲ ಬಿರುಕು ಬೀಳುವುದು ಇಲ್ಲಿ.

ಪ್ರತಿ ವಲಯಕ್ಕೆ, ಪ್ರತಿ ಬಗೆಯ ಕಟ್ಟಡಕ್ಕೆ, ಪ್ರತಿ ಬಳಕೆಗೆ ತಿಂಗಳ ಬಾಡಿಗೆ ಇಷ್ಟು ಎಂದು ಆಯುಕ್ತರು ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಅಂತಿಮಗೊಳಿಸಬೇಕು. ದರವೂ ಒಂದೇ ಅಂಕಿಯಲ್ಲ, ಕನಿಷ್ಠ–ಗರಿಷ್ಠ ಎಂಬ ಅಂತರದಲ್ಲಿ ಇರುತ್ತದೆ. ಆ ಅಂತರದೊಳಗೆ ನಿಮ್ಮ ಅಂಗಡಿ ಎಲ್ಲಿ ನಿಲ್ಲುತ್ತದೆ ಎನ್ನುವುದೇ ಟೇಪು ಹಿಡಿದು ಬರುವ ಬಿಲ್ ಕಲೆಕ್ಟರ್ ಮತ್ತು ಅವರ ಮೇಲಿನವರ ಕೈಯಲ್ಲಿರುವ ಅಧಿಕಾರ. ಆಸ್ತಿ ತೆರಿಗೆಯ ಸುತ್ತ ಹಬ್ಬಿರುವ ಅನುಮಾನಗಳೆಲ್ಲ ಮೊಳೆಯುವ ಜಾಗವೂ ಅದೇ.

ಲೆಕ್ಕಕ್ಕೆ ಬಂದರೆ ಹೈದರಾಬಾದ್ ಮಹಾನಗರ ಪಾಲಿಕೆಯ, ಅಂದರೆ ಜಿಎಚ್‌ಎಂಸಿಯ, ವಾಣಿಜ್ಯ ಸೂತ್ರ ಒಂದೇ ಸಾಲಿನದು: 3.5 ಗುಣಿಸು ಕಟ್ಟಡದ ಚದರ ಅಡಿ ಗುಣಿಸು ಚದರ ಅಡಿಗೆ ನಿಗದಿಯಾದ ತಿಂಗಳ ಬಾಡಿಗೆ. ವರ್ಷದ ತೆರಿಗೆ ಸಿಕ್ಕಿತು. ಈ 3.5 ಆಕಾಶದಿಂದ ಉದುರಿದ್ದಲ್ಲ. ಹನ್ನೆರಡು ತಿಂಗಳ ಬಾಡಿಗೆಯ 30% ಅಂದರೆ 3.6. ಅದರಲ್ಲಿ ರಿಪೇರಿ, ಸವಕಳಿಗೆಂದು 10% ಕಳೆದರೆ 3.24. ಅದರ ಮೇಲೆ 8% ಗ್ರಂಥಾಲಯ ಸೆಸ್ ಕೂಡಿಸಿದರೆ 3.4992. ಉಳಿದ ಎಂಟು ಹತ್ತುಸಾವಿರದ ಭಾಗವನ್ನು ಪಾಲಿಕೆ ಉದಾರವಾಗಿ ತನ್ನ ಕಡೆಗೇ ಎಳೆದುಕೊಂಡು 3.5 ಮಾಡಿಕೊಂಡಿದೆ.

ಉದಾಹರಣೆಗೆ 300 ಚದರ ಅಡಿಯ ಒಂದು ಶಟರಿಗೆ ದರ 10 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 10,500 ರೂಪಾಯಿ. ದರ 30 ಆದರೆ 31,500. ರಸ್ತೆಯ ಮೇಲಿನ ನಿಜವಾದ ಬಾಡಿಗೆ 80 ಇದೆಯೆಂದುಕೊಂಡು ಅದನ್ನೇ ಹಾಕಿದರೆ 84,000. ಅಂಗಡಿ ಅದೇ, ಗೋಡೆ ಅದೇ, ಬದಲಾದದ್ದು ಊಹೆ ಮಾತ್ರ. ಸೂತ್ರದಲ್ಲಿ ಮೂರು ಸಂಖ್ಯೆಗಳಿದ್ದರೂ ಮೊದಲನೆಯದನ್ನು ಕಾಯ್ದೆ ಕೊಟ್ಟಿದೆ, ಎರಡನೆಯದನ್ನು ಟೇಪು ಹೇಳುತ್ತದೆ. ಜಗಳವೆಲ್ಲ ಮೂರನೆಯದರ ಮೇಲೆ.

ಬೆಂಗಳೂರಿನವರಿಗೆ ಹೋಲಿಸಿ ನೋಡುವ ಆಸೆ ಇರುತ್ತದೆ. ಅಲ್ಲಿ 2008ರಿಂದ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ, ಎ ಇಂದ ಎಫ್‌ವರೆಗೆ ಆರು ವಲಯ, ಮಾರ್ಗಸೂಚಿ ಬೆಲೆಯ ಆಧಾರದಲ್ಲಿ. ವರ್ಷಕ್ಕೆ ಹನ್ನೆರಡರ ಬದಲು ಹತ್ತು ತಿಂಗಳು ಹಿಡಿಯುತ್ತಾರೆ. ವಾಸೇತರ ಕಟ್ಟಡಕ್ಕೆ ತೆರಿಗೆ 25%, ಅದರ ಮೇಲೆ 24% ಸೆಸ್. ಹತ್ತರ 25% ಎರಡೂವರೆ, ಅದಕ್ಕೆ ಸೆಸ್ ಕೂಡಿಸಿದರೆ 3.1. ಸವಕಳಿ ಕಳೆದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಅಂದರೆ ಎರಡೂ ನಗರಗಳ ಸೂತ್ರಗಳು ಹೆಸರು ಬೇರೆಯಾದರೂ ಹತ್ತಿರದ ಸಂಬಂಧಿಗಳೇ, ಹೈದರಾಬಾದಿನದು 3.5, ಬೆಂಗಳೂರಿನದು 3.1. ಸೆಸ್ಸುಗಳ ಸ್ವಭಾವ ಮಾತ್ರ ಬೇರೆ. ಹೈದರಾಬಾದಿನ ಅಂಗಡಿಯವರು ತೆರಿಗೆಯ ರೂಪಾಯಿಗೆ ಎಂಟು ಪೈಸೆಯನ್ನು ಗ್ರಂಥಾಲಯಕ್ಕೆ ಕೊಡುತ್ತಾರೆ. ಬೆಂಗಳೂರಿನವರು ಆರು ಪೈಸೆ ಗ್ರಂಥಾಲಯಕ್ಕೆ, ಹದಿನೈದು ಪೈಸೆ ಆರೋಗ್ಯಕ್ಕೆ, ಮೂರು ಪೈಸೆ ಭಿಕ್ಷುಕರ ಪುನರ್ವಸತಿಗೆ. ಇವಿಷ್ಟೂ ಹಣ ಹೇಳಿದ ಕಡೆಗೆ ಹೇಳಿದ ಹೊತ್ತಿಗೆ ತಲುಪಿದ್ದರೆ ಎರಡೂ ಊರಿನ ಗ್ರಂಥಾಲಯಗಳಲ್ಲಿ ಕುರ್ಚಿ ಅಲುಗಾಡುತ್ತಿರಲಿಲ್ಲ.

ಸರಿ, ಮೂರನೆಯ ಸಂಖ್ಯೆ. ಜಿಎಚ್‌ಎಂಸಿಯ ವಾಸದ ಮನೆಗಳ ಪಟ್ಟಿಯನ್ನು ಒಮ್ಮೆ ನೋಡಿ. ತಿಂಗಳ ಬಾಡಿಗೆ ಮೌಲ್ಯ 50 ರೂಪಾಯಿವರೆಗೆ ತೆರಿಗೆ ಇಲ್ಲ. 51ರಿಂದ 100ರವರೆಗೆ 17%, 200ರವರೆಗೆ 19%, 300ರವರೆಗೆ 22%. ತಿಂಗಳಿಗೆ 300 ರೂಪಾಯಿ ದಾಟಿದರೆ ಶ್ರೀಮಂತರ ಸಾಲು, 30%. ಇಂದು ಮಣಿಕೊಂಡದಲ್ಲಿ 300 ರೂಪಾಯಿಗೆ ಏನು ಬಾಡಿಗೆಗೆ ಸಿಗುತ್ತದೆ? ಸ್ಕೂಟರ್ ನಿಲ್ಲಿಸುವ ಜಾಗವೂ ಸಿಗುವುದು ಕಷ್ಟ. ಇಂಥ ಪಟ್ಟಿ ಇನ್ನೂ ಉಸಿರಾಡುತ್ತಿದೆ ಎಂದರೆ ಅದರ ಜೊತೆಗಿನ ಬಾಡಿಗೆ ದರಗಳೂ ಅಷ್ಟೇ ಹಳೆಯವು ಎಂದೇ ಅರ್ಥ. ವಾಸದ ಕಟ್ಟಡಗಳ ಸಾರ್ವತ್ರಿಕ ಪರಿಷ್ಕರಣೆ ನಡೆದದ್ದು 2002ರಲ್ಲಿ. ವಾಣಿಜ್ಯ ಕಟ್ಟಡಗಳದ್ದು 2007ರಲ್ಲಿ. ನಿಯಮದ ಆಶಯ ಐದು ವರ್ಷಕ್ಕೊಮ್ಮೆ ಪರಿಷ್ಕರಣೆ.

2007 ಮಣಿಕೊಂಡಕ್ಕೆ ಇನ್ನೊಂದು ಕಾರಣಕ್ಕೂ ಮುಖ್ಯವಾದ ವರ್ಷ. ಆ ಏಪ್ರಿಲ್‌ನಲ್ಲಿ 12 ಪುರಸಭೆ, 8 ಗ್ರಾಮ ಪಂಚಾಯ್ತಿಗಳನ್ನು ಹಳೆಯ ಹೈದರಾಬಾದ್ ಕಾರ್ಪೊರೇಷನ್ನಿಗೆ ಸೇರಿಸಿ ಜಿಎಚ್‌ಎಂಸಿ ಹುಟ್ಟಿತು. ಪಕ್ಕದ ಶೇರಿಲಿಂಗಂಪಲ್ಲಿ ಒಳಗೆ ಹೋಯಿತು, ಮಣಿಕೊಂಡ ಹೊರಗುಳಿಯಿತು. ಆಮೇಲೂ ಹನ್ನೊಂದು ವರ್ಷ ಅದು ಕಾಗದದ ಮೇಲೆ ಗ್ರಾಮ ಪಂಚಾಯ್ತಿ. ಲ್ಯಾಂಕೊ ಹಿಲ್ಸ್‌ನ ಗೋಪುರಗಳು ಎದ್ದವು, ನಾನಕ್‌ರಾಮ್‌ಗೂಡದ ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ತುಂಬಿತು, ಅಲ್ಕಾಪುರ್ ಟೌನ್‌ಶಿಪ್ಪಿನ ಸಾಲುಗಳಲ್ಲಿ ಅಪಾರ್ಟ್‌ಮೆಂಟುಗಳು ಒತ್ತಾಗಿ ಬಂದವು. ಜನ ಕಟ್ಟುತ್ತಿದ್ದದ್ದು ಮಾತ್ರ ಹಳ್ಳಿಯ ‘ಇಂಟಿ ಪನ್ನು’, ಅಂದರೆ ಮನೆ ತೆರಿಗೆ. 2018ರಲ್ಲಿ ಮಣಿಕೊಂಡ, ಪುಪ್ಪಾಲಗೂಡ, ನೆಕ್ನಾಂಪುರ ಸೇರಿ ಪುರಸಭೆಯಾಯಿತು. 2025ರ ಡಿಸೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಆಸುಪಾಸಿನ 27 ಪುರಸಭೆ, ಕಾರ್ಪೊರೇಷನ್‌ಗಳಲ್ಲಿ ಒಂದಾಗಿ ಅದನ್ನೂ ಜಿಎಚ್‌ಎಂಸಿಗೆ ವಿಲೀನಗೊಳಿಸಿದರು. ಏಳೆಂಟು ವರ್ಷದೊಳಗೆ ಒಂದೇ ಶಟರು ಪಂಚಾಯ್ತಿಯ ಲೆಕ್ಕ, ಪುರಸಭೆಯ ಲೆಕ್ಕ, ಮಹಾನಗರದ ಲೆಕ್ಕ ಹೀಗೆ ಮೂರು ಪುಸ್ತಕಗಳ ಬಾಗಿಲಿಗೆ ಬಂದು ನಿಂತಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ತೆರಿಗೆ ರಸೀದಿ ಇದೆ, ಹಾಗಾಗಿ ಜಾಗ ನನ್ನದು ಎಂದು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಮಣಿಕೊಂಡದಲ್ಲಿ ಆ ಭ್ರಮೆ ಇಟ್ಟುಕೊಳ್ಳುವುದು ಇನ್ನೂ ಅಪಾಯ. ಹುಸೇನ್ ಸಾಗರಕ್ಕೆ ಹೆಸರು ಕೊಟ್ಟ ಸೂಫಿ ಹಜ್ರತ್ ಹುಸೇನ್ ಶಾ ವಲಿ ಅವರ ದರ್ಗಾ ಇರುವುದು ಇಲ್ಲೇ. ಮಣಿಕೊಂಡ ಜಾಗೀರಿನ 1,654 ಎಕರೆ 32 ಗುಂಟೆ ದರ್ಗಾದ ವಕ್ಫ್ ಆಸ್ತಿಯೋ ಸರ್ಕಾರದ್ದೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಫೆಬ್ರವರಿ 7ರಂದು ಸರ್ಕಾರದ ಪರವಾಗಿ ತೀರ್ಮಾನವಾಯಿತು. ವ್ಯಾಜ್ಯ ನಡೆದಷ್ಟು ಕಾಲವೂ ಆ ನೆಲದ ಮೇಲೆ ಕಟ್ಟಡಗಳೂ ಇದ್ದವು, ಜನರೂ ಇದ್ದರು. ಆಸ್ತಿ ತೆರಿಗೆ ಕೇಳುವುದು ಕಟ್ಟಡಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು. ನೆಲ ಯಾರದು ಎಂಬ ಪ್ರಶ್ನೆ ಅದರ ಮೇಜಿನ ಮೇಲಿಲ್ಲ. ಪರವಾನಗಿಯೇ ಇಲ್ಲದೆ ಕಟ್ಟಿದ್ದಕ್ಕೂ ತೆರಿಗೆ ಬೀಳುತ್ತದೆ, ಮೇಲೆ ಅಷ್ಟೇ ಮೊತ್ತದ ದಂಡವೂ ಸೇರುತ್ತದೆ. ಅದರಿಂದ ಕಟ್ಟಡ ಸಕ್ರಮವಾಗುವುದಿಲ್ಲ.

ಮೊದಲು ಹೇಳಿದ ಕಟ್ಟಡದ ಪಿಜಿ ಮಹಡಿಗಳನ್ನು ತೆಗೆದುಕೊಳ್ಳಿ. ಅಲ್ಲಿ ಮಲಗುವುದು, ಉಣ್ಣುವುದು, ಬಟ್ಟೆ ಒಗೆಯುವುದು ಬಿಟ್ಟು ಬೇರೇನೂ ನಡೆಯುವುದಿಲ್ಲ. ಹಾಗಾದರೆ ಅದು ವಾಸವೇ ಅಲ್ಲವೇ? ವಾಸದ ಮನೆಯನ್ನು ವಿದ್ಯಾರ್ಥಿಗಳ, ನೌಕರರ ಹಾಸ್ಟೆಲ್ಲಿಗೆಂದು ಲೀಸಿಗೆ ಕೊಟ್ಟರೆ ಅದು ವಾಸದ ಬಳಕೆಯೇ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಿಎಸ್‌ಟಿ ಪ್ರಕರಣವೊಂದರಲ್ಲಿ ಹೇಳಿತು. ಆದರೆ ಜಿಎಸ್‌ಟಿಗೆ ಮನೆಯಾದದ್ದು ಪಾಲಿಕೆಗೂ ಮನೆಯೇ ಆಗಬೇಕೆಂದಿಲ್ಲ. ಪಾಲಿಕೆಗಳು ನೋಡುವುದು ನಡೆಸುವವರ ಕಡೆಯಿಂದ: ಹಾಸಿಗೆಗೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಜಾಗ ಅವುಗಳ ಲೆಕ್ಕದಲ್ಲಿ ವ್ಯವಹಾರ. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಒಂದು ಕೋಣೆಯಲ್ಲಿ ಮೂವರು ಹಂಚಿಕೊಂಡು ಮಲಗುವ ಹುಡುಗರು ಕೊಡುವ ಬಾಡಿಗೆಯಲ್ಲಿ ವಾಣಿಜ್ಯ ದರ ಅಡಗಿ ಕೂತರೆ, ಪಕ್ಕದಲ್ಲೇ ಇಬ್ಬರೇ ಇರುವ ಮೂರು ಬೆಡ್‌ರೂಮಿನ ಫ್ಲಾಟಿಗೆ ವಾಸದ ಅಗ್ಗದ ದರ ಎಂಬುದು ಉಲ್ಟಾ ನ್ಯಾಯ.

ಟವರಿನ ವಿಷಯ ಬೇಗ ಮುಗಿಯುತ್ತದೆ. ಅದು ಕಟ್ಟಡವೋ ಯಂತ್ರವೋ ಎಂಬ ವಾದ ಗುಜರಾತಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು; ಮೊಬೈಲ್ ಟವರಿಗೂ ಆಸ್ತಿ ತೆರಿಗೆ ಹಾಕಬಹುದು ಎಂದು 2016ರ ಡಿಸೆಂಬರ್‌ನಲ್ಲಿ ತೀರ್ಪಾಯಿತು.

ನಿಜವಾಗಿ ತಪ್ಪಿಸಿಕೊಳ್ಳುವುದು ಟವರಲ್ಲ, ಸದ್ದಿಲ್ಲದೆ ಬಳಕೆ ಬದಲಾದ ಮಹಡಿಗಳು. ವಾಸವೆಂದು ಬರೆಸಿದ್ದ ಫ್ಲಾಟಿನಲ್ಲಿ ಟ್ಯೂಷನ್ ಸೆಂಟರು ಬರುತ್ತದೆ, ಬ್ಯೂಟಿ ಪಾರ್ಲರು ಬರುತ್ತದೆ, ಕ್ಲೌಡ್ ಕಿಚನ್ನು ಬರುತ್ತದೆ. ಹೊರಗೆ ಬೋರ್ಡೂ ಇರುವುದಿಲ್ಲ. ಪತ್ತೆಗೆ ಒಂದು ದಾರಿ ವಿದ್ಯುತ್ ಮೀಟರು. ತೆಲಂಗಾಣದಲ್ಲಿ ಮನೆಗೆ ಒಂದನೆಯ ಕೆಟಗರಿ, ವಾಣಿಜ್ಯಕ್ಕೆ ಎರಡನೆಯದು. ಕರೆಂಟು ಬಿಲ್ಲಿನಲ್ಲಿ ಎರಡನೆಯ ಕೆಟಗರಿ, ತೆರಿಗೆ ಪುಸ್ತಕದಲ್ಲಿ ವಾಸದ ಮನೆ ಎಂದಿದ್ದರೆ ಎರಡರಲ್ಲೊಂದು ಸುಳ್ಳು. ಜಿಎಚ್‌ಎಂಸಿ 2024ರಿಂದ ಡ್ರೋನು ಹಾರಿಸಿ, ಮನೆಮನೆಗೂ ಹೋಗಿ ಸಮೀಕ್ಷೆ ಮಾಡಿಸತೊಡಗಿದ್ದರ ಹಿಂದೆಯೂ ಇದೇ ಹುಡುಕಾಟವಿದೆ. 2019ರ ತೆಲಂಗಾಣ ಪುರಸಭೆಗಳ ಕಾಯ್ದೆಯಂತೂ ತೆರಿಗೆಯನ್ನು ಮಾಲೀಕರೇ ಸ್ವಯಂ ಘೋಷಿಸಲಿ ಎಂದಿತು, ಸುಳ್ಳು ಹೇಳಿದರೆ 25 ಪಟ್ಟು ದಂಡ ಎಂದೂ ಬೆದರಿಸಿತು.

ಡ್ರೋನು ಅಳೆಯುವುದು ಚದರ ಅಡಿಯನ್ನು. ಅಂದರೆ ಸೂತ್ರದ ಎರಡನೆಯ ಸಂಖ್ಯೆಯನ್ನು. ಮೂರನೆಯದನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಹೊಸ ತಂತ್ರಜ್ಞಾನದ ಸುದ್ದಿಗಳಲ್ಲಿ ಈ ವ್ಯತ್ಯಾಸ ಮರೆತುಹೋಗಿರುತ್ತದೆ. ಹಳೆಯ ದರವನ್ನು ಹಾಗೇ ಇಟ್ಟುಕೊಂಡು ಅಳತೆಯನ್ನು ಮಾತ್ರ ನಿಖರ ಮಾಡಿದರೆ ಆಗುವುದಿಷ್ಟೇ: ಮುಚ್ಚಿಟ್ಟವರು ಸಿಕ್ಕಿಬೀಳುತ್ತಾರೆ, ಅದು ಒಳ್ಳೆಯದೇ. ಹಾಗೆಯೇ, ಎರಡು ದಶಕಗಳಲ್ಲಿ ಬಾಡಿಗೆ ಹತ್ತು ಪಟ್ಟು ಏರಿದ ರಸ್ತೆಯೂ ಎರಡೇ ಪಟ್ಟು ಏರಿದ ಗಲ್ಲಿಯೂ ಮೊದಲಿನ ಅನುಪಾತದಲ್ಲೇ ಕಟ್ಟುತ್ತಾ ಹೋಗುತ್ತವೆ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಹಳೆಯ ದರದಿಂದ ಎಲ್ಲರಿಗೂ ಲಾಭ ಎಂದು ವ್ಯಾಪಾರಿಗಳೂ ನಂಬಿದ್ದಾರೆ, ರಾಜಕಾರಣಿಗಳೂ ನಂಬಿಸಿದ್ದಾರೆ. ಲಾಭ ಎಲ್ಲರಿಗೂ ಅಲ್ಲ. ಪಾಲಿಕೆಗೆ ಬೇಕಾದ ಮೊತ್ತ ಬೇಕೇ ಬೇಕು. ದರ ಹಳತಾದಷ್ಟೂ ಬೆಳೆದ ರಸ್ತೆಯ ಪಾಲು ಕಡಿಮೆಯಾಗಿ, ಬೆಳೆಯದ ರಸ್ತೆಯ ಪಾಲು ಹೆಚ್ಚುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಣಿಕೊಂಡದೊಳಗೇ ನೋಡಿ: ಮುಖ್ಯರಸ್ತೆಯ ಬ್ಯಾಂಕು, ಷೋರೂಮುಗಳ ಸಾಲು ಒಂದು ಲೋಕ, ಪೈಪ್‌ಲೈನ್ ರಸ್ತೆಯಿಂದ ಒಳಕ್ಕೆ ಮೂರು ತಿರುವು ದಾಟಿ ಸಿಗುವ ದರ್ಜಿಯ ಶಟರು ಇನ್ನೊಂದು. ವಲಯ ಒಡೆದವರು ಎರಡನ್ನೂ ಒಂದೇ ಬಣ್ಣದಲ್ಲಿ ತುಂಬಿದ್ದರೆ ಷೋರೂಮಿನ ತೆರಿಗೆಯ ಒಂದು ಚೂರನ್ನು ದರ್ಜಿ ಕಟ್ಟುತ್ತಿದ್ದಾನೆ ಎಂದೇ ಲೆಕ್ಕ.

ಪರಿಷ್ಕರಣೆ ಅಂದರೆ ಏರಿಕೆ ಎಂದೇ ನಮ್ಮಲ್ಲಿ ಅರ್ಥವಾಗುವುದು ಯಾಕೆಂದರೆ ಎರಡನ್ನೂ ಒಟ್ಟಿಗೇ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಅಂಗಡಿ, ಕಚೇರಿ, ಕಾರ್ಖಾನೆಗಳ ಮೇಲಿನ ತೆರಿಗೆಗೆ ಬಿಸಿನೆಸ್ ರೇಟ್ಸ್ ಎನ್ನುತ್ತಾರೆ. ಕಲ್ಪಿತ ಬಾಡಿಗೆದಾರ ಅಲ್ಲಿ ಈಗಲೂ ದುಡಿಯುತ್ತಿದ್ದಾನೆ. ಅವರೂ ಸೋಮಾರಿಗಳೇ ಆಗಿದ್ದರು. 1973ರ ನಂತರ ಮುಂದಿನ ಮರುಮೌಲ್ಯಮಾಪನ ಮಾಡಿದ್ದು 1990ರಲ್ಲಿ. ಈಗ ಮೂರು ವರ್ಷಕ್ಕೊಮ್ಮೆ ಎಂಬ ಕಟ್ಟಳೆ. 2026ರ ಪಟ್ಟಿಗೆ ಆಧಾರ 2024ರ ಏಪ್ರಿಲ್ 1ರಂದು ಇದ್ದ ಬಾಡಿಗೆ. ಆ ದಿನಾಂಕ ಎಲ್ಲರಿಗೂ ಒಂದೇ, ಮೊದಲೇ ಗೊತ್ತು. ಬಾಡಿಗೆ ಮೌಲ್ಯಗಳು ಒಟ್ಟಾರೆ ಏರಿದಾಗ ತೆರಿಗೆಯ ಗುಣಕವನ್ನು ಇಳಿಸುತ್ತಾರೆ. ಸಣ್ಣ ವ್ಯವಹಾರಗಳ ಗುಣಕ 2025–26ರಲ್ಲಿ ಪೌಂಡಿಗೆ 49.9 ಪೆನ್ಸ್ ಇದ್ದದ್ದು 2026ರ ಪಟ್ಟಿಯೊಂದಿಗೆ 43.2 ಪೆನ್ಸ್‌ಗೆ ಇಳಿಯಿತು. ಇದರಿಂದ ಅಲ್ಲಿ ಗೊಣಗಾಟ ನಿಂತಿದೆ ಎಂದೇನಲ್ಲ. ಪಬ್ಬುಗಳ ಮೌಲ್ಯವನ್ನು ಅವು ಮಾಡಬಹುದಾದ ವ್ಯಾಪಾರದ ಅಂದಾಜಿನ ಮೇಲೆ ಕಟ್ಟುತ್ತಾರೆ, ಅದರ ಬಗ್ಗೆ ಪಬ್ಬಿನವರ ದೂರು ಪ್ರತಿ ಸಲವೂ ಇದ್ದದ್ದೇ.

ಅಷ್ಟು ದೂರ ಹೋಗುವುದೇ ಬೇಡ. ಪಟ್ನಾದಲ್ಲಿ ಬಾಡಿಗೆ ಮೌಲ್ಯದ ಮೇಲಿನ ತೆರಿಗೆ 43.75% ಇತ್ತು. ಅಷ್ಟು ದರ ಇದ್ದಾಗ ಯಾರೂ ನಿಜ ಬಾಡಿಗೆ ಹೇಳುವುದಿಲ್ಲ, ಬಿಲ್ ಕಲೆಕ್ಟರ್‌ಗೂ ಕೇಳುವ ಆಸಕ್ತಿ ಇರುವುದಿಲ್ಲ. 1993ರಲ್ಲಿ ರಸ್ತೆ, ಬಳಕೆ, ಕಟ್ಟಡದ ಬಗೆ ಈ ಮೂರರ ಮೇಲೆ ಚದರ ಅಡಿಯ ದರ ನಿಗದಿ ಮಾಡಿ, ತೆರಿಗೆಯನ್ನು 9%ಗೆ ಇಳಿಸಿದರು. ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಬೆಂಗಳೂರಿನ ಪದ್ಧತಿಯ ಹಿರಿಯಣ್ಣ ಅದೇ. ನೆರೆಯ ಆಂಧ್ರಪ್ರದೇಶ ಬಾಡಿಗೆಯ ತಂಟೆಯನ್ನೇ ಬಿಟ್ಟು 2021ರ ಏಪ್ರಿಲ್‌ನಿಂದ ಬಂಡವಾಳ ಮೌಲ್ಯಕ್ಕೆ, ಅಂದರೆ ನೋಂದಣಿ ಇಲಾಖೆಯ ಬೆಲೆಗೆ, ಹೊರಳಿತು: ವಾಸಕ್ಕೆ 0.10%ನಿಂದ 0.50%, ವಾಸೇತರಕ್ಕೆ 0.20%ನಿಂದ 2%. ಮೊದಲ ಏಟಿಗೆ ಜನ ಬೆಚ್ಚಬಾರದೆಂದು ಏರಿಕೆಯನ್ನು 15%ಗೆ ಕಟ್ಟಿಹಾಕಿತು. ಬೆಂಗಳೂರು ಬಿಟ್ಟು ಕರ್ನಾಟಕದ ಉಳಿದ ಪಟ್ಟಣಗಳಲ್ಲಿ ಬಂಡವಾಳ ಮೌಲ್ಯದ ಪದ್ಧತಿ ಅದಕ್ಕೂ ಮೊದಲೇ ಬಂದಿತ್ತು. ಬಂಡವಾಳ ಮೌಲ್ಯಕ್ಕೆ ಅದರದೇ ತಕರಾರುಗಳಿವೆ. ಸೈಟಿನ ಬೆಲೆ ಗಗನಕ್ಕೇರಿದ ಮಾತ್ರಕ್ಕೆ ಅಲ್ಲಿನ ಹಳೆಯ ಹಿಟ್ಟಿನ ಗಿರಣಿಯ ಗಳಿಕೆ ಏರುವುದಿಲ್ಲ. ಮುಂಬಯಿಯಲ್ಲಿ ಇನ್ನೂ ಕಟ್ಟದ, ಮುಂದೆಂದೋ ಕಟ್ಟಬಹುದಾದ ಮಹಡಿಗಳ ಬೆಲೆಯನ್ನೂ ಲೆಕ್ಕಕ್ಕೆ ತರುವ ನಿಯಮಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ; 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಪಾಲಿಕೆಗೆ ವಿರುದ್ಧವಾಗಿಯೇ ಹೇಳಿತು. ಬಾಡಿಗೆಯ ಊಹೆಗೆ ಹೋಲಿಸಿದರೆ ಬೆಲೆಯ ಊಹೆ ಹೆಚ್ಚು ಸತ್ಯ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಹೆಚ್ಚು ಸುಲಭ, ಅಷ್ಟೇ.

ಹೈದರಾಬಾದ್ ಹಿಡಿದ ದಾರಿ ಇವೆರಡೂ ಅಲ್ಲ. ದರ ಮುಟ್ಟುವುದಿಲ್ಲ, ವಸೂಲಿಗೆ ಮಾತ್ರ ನಾನಾ ಬಣ್ಣ ಬಳಿಯುತ್ತಾರೆ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ. ಬಾಕಿ ಉಳಿಸಿದರೆ ತಿಂಗಳಿಗೆ 2% ಬಡ್ಡಿ, ಕೊನೆಗೆ ಶಟರಿಗೆ ಅಂಟಿಸುವ ರೆಡ್ ನೋಟಿಸು. ವರ್ಷದ ತೆರಿಗೆ 1,200 ರೂಪಾಯಿಯೊಳಗಿನ ಮನೆಗಳು 101 ರೂಪಾಯಿ ಕೊಟ್ಟರೆ ಸಾಕೆಂಬ ವಿನಾಯಿತಿ ಬಂತು, ಅಂಗಡಿಗಳಿಗೆ ಅಂಥದ್ದೇನೂ ಬರಲಿಲ್ಲ. 2020ರಿಂದೀಚೆಗೆ ಮತ್ತೆಮತ್ತೆ ಬಂದಿರುವ ‘ಒನ್ ಟೈಮ್ ಸ್ಕೀಮ್’ನಲ್ಲಿ ಹಳೆಯ ಬಾಕಿಯ ಬಡ್ಡಿಯಲ್ಲಿ 90% ಮನ್ನಾ. ಒಂದೇ ಸಲ ಎಂಬ ಹೆಸರಿನ ಯೋಜನೆ ಇಷ್ಟು ಸಲ ಬಂದರೆ ಬುದ್ಧಿವಂತ ಓನರ್ ಏನು ಮಾಡುತ್ತಾನೆ ಎಂದು ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಶಿಸ್ತಾಗಿ ಕಟ್ಟಿದವರಿಗೆ ನೂರಕ್ಕೆ ಐದು, ವರ್ಷಗಟ್ಟಲೆ ಕಾದವರಿಗೆ ಬಡ್ಡಿಯಲ್ಲಿ ನೂರಕ್ಕೆ ತೊಂಬತ್ತು.

ವಿಲೀನದಿಂದಾಗಿ ಈಗ ಒಂದು ಅಪರೂಪದ ಸಂದರ್ಭ ಬಂದಿದೆ. 27 ಊರುಗಳ ಪುಸ್ತಕಗಳನ್ನು ಹೇಗೂ ಒಂದು ಕ್ರಮಕ್ಕೆ ತರಬೇಕು. ಮಣಿಕೊಂಡದ ಶಟರಿಗೆ ಮೊದಲೇ ಜಿಎಚ್‌ಎಂಸಿಯೊಳಗಿದ್ದ ಪಕ್ಕದ ಗಚ್ಚಿಬೌಲಿಯ ದರ ಹಚ್ಚಿ ಕೈತೊಳೆದುಕೊಳ್ಳುವುದು ಸುಲಭದ ದಾರಿ, ತಪ್ಪು ದಾರಿಯೂ ಹೌದು. ಗಚ್ಚಿಬೌಲಿಯ ದರವೇ ಹಳತು. ಹಳತನ್ನು ಹಳತಿನ ಜೊತೆ ಜೋಡಿಸಿದರೆ ಹೊಸತಾಗುವುದಿಲ್ಲ. ಒಂದು ದಿನಾಂಕ ಗೊತ್ತುಮಾಡಿ, ಆ ದಿನ ಯಾವ ರಸ್ತೆಯಲ್ಲಿ ಚದರ ಅಡಿಗೆ ಎಷ್ಟು ಬಾಡಿಗೆ ಇತ್ತು ಎಂಬ ಪಟ್ಟಿಯನ್ನು ನೋಂದಾಯಿತ ಲೀಸುಗಳಿಂದ ತಯಾರಿಸಿ, ತೆಲುಗಿನಲ್ಲೂ ಉರ್ದುವಿನಲ್ಲೂ ಬಹಿರಂಗವಾಗಿ ಅಂಟಿಸಬೇಕು. ಅದರ ಜೊತೆಗೇ 30% ಎಂಬ ಕಾಯ್ದೆಯ ದರವನ್ನು ಇಳಿಸಬೇಕು. ನಿಜ ಬಾಡಿಗೆಯ ಮೇಲೆ 30% ಕೇಳಿದರೆ ವರ್ಷದಲ್ಲಿ ಮೂರೂವರೆ ತಿಂಗಳ ಬಾಡಿಗೆ ತೆರಿಗೆಗೇ ಹೋಯಿತು. ಯಾವ ಟಿಫಿನ್ ಸೆಂಟರೂ ಅದನ್ನು ತಾಳಲಾರದು. 30% ಇಷ್ಟು ವರ್ಷ ಬದುಕಿದ್ದೇ ಬಾಡಿಗೆಯ ಅಂಕಿ ಸುಳ್ಳಾಗಿದ್ದರಿಂದ.

ಅಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಲೆಕ್ಕ ತಪ್ಪಾಗಿದೆ ಎಂದು ಕಂಡರೆ ನೋಟಿಸಿನ ಅವಧಿಯೊಳಗೆ ಆಯುಕ್ತರಿಗೆ ಮರುಪರಿಶೀಲನೆಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮೇಲ್ಮನವಿಗೆ ಹೋಗಬಹುದು. ಬಿಲ್ಲಿನಲ್ಲಿ ಚದರ ಅಡಿ ಸರಿಯಿದೆಯೇ, ಮೆಟ್ಟಿಲಿನ ಜಾಗ ಎರಡು ಸಲ ಸೇರಿದೆಯೇ, ಬಳಕೆಯ ಕಾಲಂನಲ್ಲಿ ಏನು ಬರೆದಿದೆ, ಇವನ್ನು ನೋಡಿಕೊಂಡರೆ ಅರ್ಧ ತಕರಾರು ಮೊದಲ ಹಂತದಲ್ಲೇ ತೀರುತ್ತದೆ. ಆದರೆ ನೋಟಿಸು ಹೋಗುವುದು ಮಾಲೀಕರ ಹೆಸರಿಗೆ. ಪುಸ್ತಕದಲ್ಲಿರುವುದೂ ಅವರ ಹೆಸರೇ. ಟಿಫಿನ್ ಸೆಂಟರಿನವರ ಅಗ್ರಿಮೆಂಟಿನಲ್ಲಿ ಇರುವುದು ಬಾಡಿಗೆಯ ಜೊತೆ ‘ಪನ್ನು’ ಕೂಡ ಅವರದೇ ಎಂಬ ಒಂದು ಸಾಲು. ತೆರಿಗೆ ಏರಿದರೆ ಅದು ಮರುತಿಂಗಳೇ ಅವರ ಬಾಡಿಗೆಗೆ ಸೇರುತ್ತದೆ. ಆಕ್ಷೇಪಣೆ ಹಾಕಿ ಸಾರ್ ಎಂದು ಕೇಳಿದರೆ ಓನರ್‌ಗೆ ಅದರಲ್ಲಿ ಆಸಕ್ತಿ ಇರಬೇಕಾದ ಕಾರಣವೇ ಇಲ್ಲ, ಕಟ್ಟುವುದು ತಾನಲ್ಲವಲ್ಲ. ಬಾಡಿಗೆದಾರರನ್ನು ಕೇಂದ್ರದಲ್ಲಿಟ್ಟು ಹೆಣೆದ ತೆರಿಗೆಯ ಪುಸ್ತಕದಲ್ಲಿ ನಿಜವಾದ ಬಾಡಿಗೆದಾರರಿಗೆ ಒಂದು ಕಾಲಮ್ಮಾದರೂ ಬೇಕು. ಇಂಗ್ಲೆಂಡಿನಲ್ಲಿ ಬಿಲ್ಲು ಬರುವುದು ಅಂಗಡಿಯಲ್ಲಿ ಕೂತವರ ಹೆಸರಿಗೆ, ತಕರಾರು ಹೂಡುವ ಹಕ್ಕೂ ಅವರದೇ. ಮಣಿಕೊಂಡದ ಹೊಸ ಪುಸ್ತಕ ಬರೆಯಲು ಕೂರುವವರು ಮಾಲೀಕರ ಹೆಸರಿನ ಕೆಳಗೆ ಇನ್ನೊಂದು ಸಾಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ಕರಡು ಪ್ರಕಟವಾದ ದಿನವೇ ನೋಡಿ ಕೇಳಬೇಕು, ಆಕ್ಷೇಪಣೆಯ ಗಡುವು ಮುಗಿದ ಮೇಲೆ ಅಲ್ಲ.